ಮಳೆಗೆ ಕಾಲಿಲ್ಲ

ಹುಳಿ ಬಂದ ದೋಸೆಹಿಟ್ಟಿಗೆ ಬೆಲ್ಲ ಸುರಿದು, ಮುಚ್ಚಳ ಮುಚ್ಚುವುದನ್ನು ಯಾರೋ ಮರೆತ ಹಾಗೆ.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ವಾಸನೆ ಹಾಗಿರುತ್ತದೆ. ದೀಪಶ್ರೀ ತೊದಲು ಮಾತಾಡುತ್ತಿದ್ದ ಕಾಲದಲ್ಲಿ ಅಪ್ಪನ ಹೆಗಲೇರಿ ಅಲ್ಲಿಗೆ ಹೋಗುತ್ತಿದ್ದಳು. ಈಗಲೂ ಆ ವಾಸನೆ ಬಂದರೆ ಸಾಕು, ಅಪ್ಪನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ ಹಾಗೆ ಅನ್ನಿಸುತ್ತದೆ. ‘ನನ್ನ ಬಾಲ್ಯದ ಒಂದು ಪರಿಮಳ’ ಎಂಬ ಇಂಗ್ಲಿಷ್ ಪ್ರಬಂಧದಲ್ಲಿ ಅವಳು ಅದನ್ನೇ ಬರೆದಿದ್ದಳು.

ಹತ್ತಕ್ಕೆ ಮೂರು ಬಂದಿತ್ತು.

“ಪರಿಮಳ ಅಂದ್ರೆ ಒಳ್ಳೇ ವಾಸನೆ ಬರೀಬೇಕು ಪುಟ್ಟಾ,” ಎಂದರು ಕ್ಲಾಸ್ ಟೀಚರ್ ಸರ್ವಮಂಗಳಾ ಮಿಸ್, ಪುಸ್ತಕ ಹಿಂತಿರುಗಿಸುತ್ತಾ. “ಪಲ್ಪರ್ ಮನೆ ಹತ್ರ ಹೋದ್ರೆ ನಾನು ಮೂಗು ಮುಚ್ಕೋತೀನಿ. ಲಿಖಿತ್ ನೋಡು, ಎಷ್ಟು ಚೆನ್ನಾಗಿ ಬರ್ದಿದಾನೆ!”

ಲಿಖಿತ್ ‘ನನ್ನ ಅಜ್ಜಿ ಓವನ್‌ನಲ್ಲಿ ಬೇಯಿಸುವ ಕುಕೀಸ್’ ಅಂತ ಬರೆದು ಒಂಬತ್ತು ತೆಗೆದಿದ್ದ. ಅವನ ಅಜ್ಜಿ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ದಿನಾ ಇನ್ನೂರು ಕಡುಬು ಬೇಯಿಸುತ್ತಿದ್ದರು. ಓವನ್ ಅನ್ನು ಕಣ್ಣಿಂದ ಕಂಡವರಲ್ಲ. ಆದರೆ ಗೈಡಿನಲ್ಲಿ ಕುಕೀಸ್ ಅಂತಲೇ ಇತ್ತು. ಹಾಗಾಗಿ ಐದನೇ ಕ್ಲಾಸಿನ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಕ್ಕಳ ಅಜ್ಜಿಯಂದಿರು ಕುಕೀಸ್ ಬೇಯಿಸುತ್ತಿದ್ದರು.

ಬೇಯಿಸದ ಇನ್ನೊಬ್ಬರು ಸೌಂದರ್ಯಳ ಅಜ್ಜಿ. ಸೌಂದರ್ಯಳ ಅಪ್ಪ ರವಿ ಶಾಲೆಯ ವ್ಯಾನ್ ಓಡಿಸುತ್ತಾರೆ. ಅವಳು ವ್ಯಾನಿನ ಡೀಸೆಲ್ ವಾಸನೆಯ ಬಗ್ಗೆ ಬರೆದಿದ್ದಳು. ಅವಳಿಗೂ ಮೂರು.

“ಮಿಸ್, ಒಂದು ಡೌಟು,” ಎಂದು ಸೌಂದರ್ಯ ಎದ್ದು ನಿಂತಳು. “ನಂಗೀಗ ಹತ್ತು ವರ್ಷ. ಬಾಲ್ಯ ಮುಗೀತಾ, ಇನ್ನೂ ಇದ್ಯಾ?”

“ಕೂತ್ಕೊ. ಮಾತು ಜಾಸ್ತಿಯಾಯ್ತು.”

ಸ್ಕೈ ಪೀಕ್ ಗ್ಲೋಬಲ್ ಸ್ಕೂಲ್ ಇದ್ದದ್ದು ಮೂಡಿಗೆರೆ ಪೇಟೆ ದಾಟಿದ ಮೇಲೆ ಸಿಗುವ ಒಂದು ತಗ್ಗಿನಲ್ಲಿ. ಮಳೆಗಾಲದಲ್ಲಿ ಸುತ್ತಲಿನ ನೀರೆಲ್ಲ ಹರಿದು ಅದರ ಆಟದ ಮೈದಾನಕ್ಕೇ ಬರುತ್ತಿತ್ತು. ಶಾಲೆಯ ಹೆಸರು ಆಕಾಶದಲ್ಲಿದೆ, ಶಾಲೆ ಗುಂಡಿಯಲ್ಲಿದೆ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಗೊತ್ತಿರುವುದನ್ನು ಹೇಳದೆ ಇರುವುದು ಆ ಶಾಲೆಯ ವಾಡಿಕೆ.

ಅಷ್ಟರಲ್ಲಿ ಪ್ರಿನ್ಸಿಪಾಲ್ ತನುಜಾ ಮೇಡಂ ಒಂದು ಫೈಲ್ ಹಿಡಿದು ಒಳಗೆ ಬಂದರು. ಅವರು ಬೆಂಗಳೂರಿನಿಂದ ಬಂದು ಒಂದು ತಿಂಗಳಾಗಿತ್ತು. ಮಕ್ಕಳ ಅಡ್ಮಿಷನ್ ಫಾರಂಗಳನ್ನು ತಾವೇ ಓದಿ, ಒಬ್ಬೊಬ್ಬರನ್ನೂ ಪರಿಚಯ ಮಾಡಿಕೊಳ್ಳುತ್ತಿದ್ದರು.

“ದೀಪಶ್ರೀ,” ಎಂದು ಓದಿದರು. “ತಂದೆ, ದೇವೇಂದ್ರ. ಉದ್ಯೋಗ…” ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. “ರೈಟರ್! ನಿನ್ನ ತಂದೆ ರೈಟರಾ?”

“ಯೆಸ್ ಮ್ಯಾಮ್.”

ಕಾಫಿ ಎಸ್ಟೇಟಿನಲ್ಲಿ ದಿನಾ ಬೆಳಿಗ್ಗೆ ಕೆಲಸದವರ ಹೆಸರು ಕರೆದು, ಹಾಜರಿ ಬರೆದು, ಯಾರು ಯಾವ ತೋಟಕ್ಕೆ ಹೋಗಬೇಕೆಂದು ಹಂಚುವವರನ್ನು ರೈಟರ್ ಅನ್ನುತ್ತಾರೆ. ಈ ಕಡೆಯ ಬೆಟ್ಟಗಳಲ್ಲಿ ಹಾಲಿನವನಿಗೂ ಇದು ಗೊತ್ತು, ಹಾಲು ಕುಡಿಯುವ ಮಗುವಿಗೂ ಗೊತ್ತು. ಬೆಂಗಳೂರಿನಲ್ಲಿ ರೈಟರ್ ಅಂದರೆ ಕತೆ ಬರೆಯುವವರು.

“ಎಷ್ಟು ವರ್ಷದಿಂದ ಬರೀತಿದಾರೆ?” ಮೇಡಂ ಇಂಗ್ಲಿಷಿನಲ್ಲಿ ಕೇಳಿದರು.

“ಹದಿನಾಲ್ಕು ವರ್ಷದಿಂದ, ಮ್ಯಾಮ್. ಜ್ವರ ಬಂದ್ರೂ ಬರೀತಾರೆ,” ದೀಪಶ್ರೀಯೂ ಇಂಗ್ಲಿಷಿನಲ್ಲೇ ಹೇಳಿದಳು.

“ದಿನಾ ಬರೀತಾರಾ! ಎಷ್ಟು ಹೊತ್ತಿಗೆ?”

“ಬೆಳಿಗ್ಗೆ ಏಳೂವರೆಗೆ ಶುರು.”

“ಎಂಥ ಶಿಸ್ತು! ಯಾವುದರ ಬಗ್ಗೆ ಬರೀತಾರೆ?”

ದೀಪಶ್ರೀ ಯೋಚಿಸಿದಳು. ಹಾಜರಿ ಅನ್ನುವುದಕ್ಕೆ ಇಂಗ್ಲಿಷ್ ಪದ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. “ಜನರ ಬಗ್ಗೆ, ಮ್ಯಾಮ್. ಆಮೇಲೆ ಮಳೆ ಬಗ್ಗೆ.” ಎಷ್ಟು ಇಂಚು ಮಳೆ ಬಿತ್ತೆಂದು ಅಳೆದು ಬರೆಯುವುದೂ ರೈಟರ್ ಕೆಲಸವೇ.

“ಜನ ಮತ್ತು ಮಳೆ!” ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡರು. “ಅವರ ಪುಸ್ತಕಗಳು ಎಲ್ಲಿ ಸಿಗುತ್ತವೆ?”

“ಆಫೀಸಿನ ಬೀರುವಿನಲ್ಲಿದಾವೆ. ಓನರ್ ಯಾರಿಗೂ ಕೊಡಲ್ಲ, ಮ್ಯಾಮ್.”

“ಅಯ್ಯೋ, ಪ್ರಕಾಶಕರೆಲ್ಲ ಹೀಗೇ!”

ಹಿಂದಿನ ಬೆಂಚಿನಲ್ಲಿ ಲಿಖಿತ್ ಕೈಯಿಂದ ಬಾಯಿ ಮುಚ್ಚಿಕೊಂಡು ಕುಲುಕುತ್ತಿದ್ದ. ಸರ್ವಮಂಗಳಾ ಮಿಸ್ ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಮುಚ್ಚಿದರು. ಹೋದ ವಾರ ಸ್ಟಾಫ್‌ರೂಮಿನಲ್ಲಿ ಅವರು, “ಮೇಡಂ, ಹೊರನಾಡು ಇರೋದು ಕಳಸದ ಹತ್ರ, ಬೇಲೂರಿನ ಹತ್ರ ಅಲ್ಲ,” ಎಂದಿದ್ದರು. ಅದಕ್ಕೆ ಮೇಡಂ, “ನಾಲ್ಕು ಜನರ ಎದುರಿಗೆ ನನ್ನನ್ನು ತಿದ್ದಬೇಡಿ,” ಎಂದಿದ್ದರು. ಇಲ್ಲಿ ಮೂವತ್ತೊಂದು ಜನ ಇದ್ದರು.

ಮೇಡಂ ದೀಪಶ್ರೀಯ ಪ್ರಬಂಧ ತೆಗೆದು ಓದಿದರು. “ಹುಳಿ ಬಂದ ದೋಸೆಹಿಟ್ಟು… ಅಪ್ಪನ ಕೂದಲು… ಓ! ಇದಕ್ಕೆ ಮೂರಾ? ಸರ್ವಮಂಗಳಾ, ಸರಿಯಾಗಿ ನೋಡಿದ್ರಾ?”

“ನೋಡಿದ್ದೆ ಮೇಡಂ. ಈಗ ಇನ್ನೊಂದ್ಸಲ ನೋಡ್ತೀನಿ,” ಎಂದರು ಮಿಸ್. ನೋಡಿದರು. ಕೆಂಪು ಪೆನ್ನಿನಿಂದ ಮೂರರ ಎಡಗಡೆಯನ್ನು ಮುಚ್ಚಿದರು. ಮೂರು ಎಂಟಾಯಿತು. ಇಂಗ್ಲಿಷ್ ಅಂಕಿಯಲ್ಲಿ ಅದೇನೂ ಕಷ್ಟದ ಕೆಲಸವಲ್ಲ.

ಸೌಂದರ್ಯಳ ಮೂರು ಮೂರಾಗಿಯೇ ಉಳಿಯಿತು.

*

“ನಿಮ್ಮಪ್ಪ ಕತೆ ಬರೀತಾರೆ ಅಂತ ತಿಳ್ಕೊಂಡಿದಾರಲ್ಲೇ ಮೇಡಂ!” ಸಂಜೆ ವ್ಯಾನಿನಲ್ಲಿ ಲಿಖಿತ್ ಹೊಟ್ಟೆ ಹಿಡಿದುಕೊಂಡು ನಕ್ಕ.

“ನಾನೇನು ಸುಳ್ಳು ಹೇಳಿದ್ನಾ?” ಎಂದಳು ದೀಪಶ್ರೀ.

“ಇಲ್ಲಪ್ಪ. ಸುಮ್ನಿದ್ದೆ ಅಷ್ಟೆ.”

ದೀಪಶ್ರೀ ಮರುದಿನವೂ ಸುಮ್ಮನಿದ್ದಳು. ಏಕೆಂದರೆ ಮರುದಿನ ಅವಳನ್ನು ಮುಂದಿನ ಬೆಂಚಿಗೆ ಕೂರಿಸಿದರು. ಅದರ ಮರುದಿನ ಲೈಬ್ರರಿ ಬೀರುವಿನ ಕೀಲಿ ಕೊಟ್ಟರು. ಅವಳು ಕೈ ಎತ್ತಿದರೆ ಮಿಸ್ ಈಗ ಮೊದಲು ಅವಳನ್ನೇ ಕೇಳುತ್ತಿದ್ದರು. ಅವಳು ತಪ್ಪು ಹೇಳಿದರೂ, “ಬೇರೆ ಥರ ಯೋಚನೆ ಮಾಡ್ತಾಳೆ,” ಅನ್ನುತ್ತಿದ್ದರು. ಮೇಡಂ ಅಂತೂ ವರಾಂಡದಲ್ಲಿ ಸಿಕ್ಕಾಗಲೆಲ್ಲ ಬೆನ್ನು ತಟ್ಟಿ, “ರಕ್ತದಲ್ಲೇ ಬಂದಿದೆ!” ಎನ್ನುತ್ತಿದ್ದರು. ದೀಪಶ್ರೀ ತನ್ನ ಮೊಣಕೈಯ ಹಳೇ ಗಾಯ ಕೆರೆದು ನೋಡಿದಳು. ರಕ್ತ ಎಲ್ಲರದ್ದೂ ಇದ್ದ ಹಾಗೇ ಕೆಂಪಗಿತ್ತು.

ಆದರೆ ಒಂದು ವಿಚಿತ್ರ ನಡೆಯಿತು. ಅವಳು ನಿಜವಾಗಿಯೂ ಚೆನ್ನಾಗಿ ಬರೆಯತೊಡಗಿದಳು. ಕೀಲಿ ಕೈಯಲ್ಲಿದೆಯಲ್ಲ ಅಂತ ದಿನಕ್ಕೊಂದು ಪುಸ್ತಕ ಓದಿದಳು. ತಾನು ಬರೆದದ್ದನ್ನು ಯಾರೋ ಕಾಯುತ್ತಿದ್ದಾರೆ ಅಂತ ಗೊತ್ತಾದರೆ ಅಕ್ಷರ ಕೂಡ ದುಂಡಗಾಗುತ್ತದೆ.

ಅಪ್ಪ ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಗದ್ದಲವಾಯಿತು. ಫಾರಂನಲ್ಲಿ ಅಪ್ಪನ ಉದ್ಯೋಗ ಚೆನ್ನಾಗಿದ್ದರೆ ಮಕ್ಕಳಿಗೆ ಮುಂದಿನ ಬೆಂಚು ಸಿಗುತ್ತದೆ ಎಂಬ ಸುದ್ದಿ ಹಬ್ಬಿತು. ಆ ವಾರ ಒಂಬತ್ತು ಜನ ಫಾರಂ ತಿದ್ದಿಸಿದರು. ಲಿಖಿತನ ಅಪ್ಪ ‘ಹೋಟೆಲ್’ ಎಂಬುದನ್ನು ಹೊಡೆದುಹಾಕಿ ‘ಹಾಸ್ಪಿಟಾಲಿಟಿ ಇಂಡಸ್ಟ್ರಿ’ ಎಂದು ಬರೆಸಿದರು. ಮೆಣಸಿನ ವ್ಯಾಪಾರದವರು ‘ಸ್ಪೈಸ್ ಕನ್ಸಲ್ಟೆಂಟ್’ ಆದರು.

“ನಾನೂ ಪೈಲಟ್ ಅಂತ ಬರ್ಸ್ಲಾ ಮಾರಾಯ?” ಎಂದು ವ್ಯಾನ್ ಓಡಿಸುತ್ತಾ ರವಿ ಕೇಳಿದರು. ಮಕ್ಕಳೆಲ್ಲ ನಕ್ಕರು. ಸೌಂದರ್ಯ ಎಲ್ಲರಿಗಿಂತ ಜೋರಾಗಿ ನಕ್ಕಳು.

*

ಡಿಸೆಂಬರಿನಲ್ಲಿ ಬರಬಾರದ ಮಳೆ ಒಂದು ಸಂಜೆ ಬಂತು. ಎಸ್ಟೇಟಿನ ಕಣದಲ್ಲಿ ತೊಳೆದ ಕಾಫಿಬೀಜ, ಅಂದರೆ ಪಾರ್ಚ್‌ಮೆಂಟ್, ಒಣಗಲು ಹರಡಿತ್ತು. ಸೌಂದರ್ಯಳ ಅಮ್ಮ ಸಿದ್ದಮ್ಮ ಕಣದಲ್ಲೇ ಕೆಲಸ ಮಾಡುವುದು. ದೊಡ್ಡವರ ಜೊತೆ ದೀಪಶ್ರೀ, ಸೌಂದರ್ಯ ಎಲ್ಲ ಓಡಿಹೋಗಿ ಟಾರ್ಪಾಲು ಎಳೆದರು.

ಮರುದಿನ ಕೊಡಬೇಕಿದ್ದ ಇಂಗ್ಲಿಷ್ ಪ್ರಬಂಧಕ್ಕೆ ‘ಮಳೆ’ ಎಂದೇ ವಿಷಯ ಕೊಟ್ಟಿದ್ದರು. ಬೆಳಿಗ್ಗೆ ವ್ಯಾನಿನಲ್ಲಿ ಇಬ್ಬರೂ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದರು. ತಿರುವಿನಲ್ಲಿ ಅಕ್ಷರಗಳೂ ತಿರುಗುತ್ತಿದ್ದವು.

“ಎಂತ ಬರ್ದೆ ಮಾರಾಯ್ತಿ?” ದೀಪಶ್ರೀ ಬಗ್ಗಿ ನೋಡಿದಳು.

ಸೌಂದರ್ಯ ಓದಿದಳು: “ದೇವರಮನೆ ಗುಡ್ಡದ ಕಡೆಯಿಂದ ಮಳೆ ಸಿಲ್ವರ್ ಓಕ್ ಮರಗಳ ಮೇಲೆ ನಿಧಾನ ನಡೆದುಕೊಂಡು ಬಂತು. ನಮ್ಮ ಕಣ ಕಂಡ ಕೂಡಲೇ ಓಡಿತು.”

ದೀಪಶ್ರೀಗೆ ಮೈ ಜುಮ್ಮೆಂದಿತು. ಸರಿಯಾಗಿ ಹಾಗೇ ಆಗಿತ್ತು! ದೂರದ ಮರಗಳ ಮೇಲೆ ಸರಸರ ಸದ್ದು, ಆಮೇಲೆ ಒಮ್ಮೆಗೇ ತಲೆ ಮೇಲೆ. “ನಾನೂ ಬರ್ಕೊಳ್ಳಾ?”

“ಬರ್ಕೊ. ಮಳೆ ಏನು ನಮ್ಮಪ್ಪಂದಾ?”

ಸೋಮವಾರ ಪುಸ್ತಕಗಳು ವಾಪಸು ಬಂದವು. ದೀಪಶ್ರೀಯ ಪುಸ್ತಕದಲ್ಲಿ ಆ ವಾಕ್ಯದ ಪಕ್ಕ ಒಂದು ನಕ್ಷತ್ರವಿತ್ತು. ಕೆಳಗೆ ಮಿಸ್ ಬರೆದಿದ್ದರು: ‘ಅದ್ಭುತ ಕಲ್ಪನೆ! ರಕ್ತದಲ್ಲೇ ಬಂದಿದೆ.’

ಸೌಂದರ್ಯಳ ಪುಸ್ತಕದಲ್ಲಿ ಅದೇ ವಾಕ್ಯದ ಕೆಳಗೆ ಕೆಂಪು ಗೆರೆಯಿತ್ತು. ಪಕ್ಕದಲ್ಲಿ ಬರೆದಿತ್ತು: ‘ಮಳೆಗೆ ಕಾಲಿಲ್ಲ. ಬಂದು ಕಾಣು.’

ಇಬ್ಬರೂ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಒಂದೇ ಕೈಬರಹ. ಒಂದೇ ಪೆನ್ನು.

“ನಿನ್ನ ಮಳೆಗೆ ಕಾಲಿದೆ ಕಣೇ,” ಎಂದಳು ಸೌಂದರ್ಯ. “ನನ್ನ ಮಳೆಗಿಲ್ಲ. ನಮ್ಮಪ್ಪಂಗೆ ಬರೀ ಚಕ್ರ ಅಲ್ವಾ!”

ಅವಳು ನಕ್ಕಳು. ಆದರೆ ಈ ಸಲ ಜೋರಾಗಿ ನಗಲಿಲ್ಲ. ಪುಸ್ತಕ ಮಡಚಿ ಬ್ಯಾಗಿಗೆ ಹಾಕಿ, ಕಿಟಕಿಯ ಕಡೆ ತಿರುಗಿ ಕೂತಳು. ಅವತ್ತು ಸಂಜೆ ವ್ಯಾನಿನಲ್ಲಿ ಅವಳು ಮುಂದೆ, ತನ್ನ ಅಪ್ಪನ ಪಕ್ಕದ ಸೀಟಿನಲ್ಲಿ ಕೂತಳು. ದೀಪಶ್ರೀ ಪಕ್ಕದ ಜಾಗ ಖಾಲಿಯಿತ್ತು.

*

ಮಂಗಳವಾರ ದೀಪಶ್ರೀಯ ಅಪ್ಪನ ಹೆಸರಿಗೆ ಒಂದು ಪತ್ರ ಬಂತು. ದಪ್ಪ ಕವರು, ಮೇಲೆ ಶಾಲೆಯ ಚಿನ್ನದ ಬಣ್ಣದ ಶಿಖರ. ‘ಶನಿವಾರ ನಮ್ಮ ಶಾಲೆಯಲ್ಲಿ ರೈಟರ್ ಅವರನ್ನು ಸನ್ಮಾನಿಸಲು ಬಯಸುತ್ತೇವೆ. ತಾವು ತಮ್ಮ ಕೆಲಸದ ಬಗ್ಗೆ ಮಕ್ಕಳೊಂದಿಗೆ ಮಾತನಾಡಬೇಕು.’

ಅಪ್ಪ ಎರಡು ಸಲ ಓದಿದ. ಆಮೇಲೆ ಅಡುಗೆಮನೆಗೆ ಹೋಗಿ ಅಮ್ಮನಿಗೆ ಓದಿ ಹೇಳಿದ.

“ನೋಡು ಪ್ರೇಮಾ, ಹದಿನಾಲ್ಕು ವರ್ಷದಲ್ಲಿ ಓನರ್ ಕೂಡ ‘ಚೆನ್ನಾಗಿ ಬರೀತೀಯ ದೇವೇಂದ್ರ’ ಅಂದವರಲ್ಲ. ಈ ಮೇಡಂ ಯಾವೂರಿನವ್ರೋ ಏನೋ, ನಮ್ಮ ಕೆಲ್ಸದ ಬೆಲೆ ಗೊತ್ತಿದೆ!”

“ಡಾಕ್ಟ್ರನ್ನ ಕರೀತಾರೆ, ಪೊಲೀಸ್‌ನವ್ರನ್ನ ಕರೀತಾರೆ. ರೈಟರನ್ನ ಕರೆದದ್ದು ಇದೇ ಮೊದಲು ಅಲ್ದಾ?” ಅಮ್ಮನ ಮುಖ ಒಲೆಯ ಬೆಳಕಿಗಿಂತ ಬೆಳಗಿತು. “ಆ ಬಿಳೀ ಶರ್ಟ್ ಹಾಕ್ಕೊಂಡು ಹೋಗಿ.”

ದೀಪಶ್ರೀ ಬಾಗಿಲ ಬಳಿ ನಿಂತಿದ್ದಳು. “ಅಪ್ಪಾ…”

“ಏನು ಪುಟ್ಟಿ?”

ಅಪ್ಪ ಆಗಲೇ ಟೇಬಲ್ ಮೇಲೆ ಹೊದಿಕೆ ಹಾಸಿ ಶರ್ಟ್ ಹರಡಿದ್ದ. ಕಾಲರಿಗೆ ನೀರು ಚಿಮುಕಿಸಿ, ನಾಲಗೆ ಕಚ್ಚಿಕೊಂಡು, ಇಸ್ತ್ರಿ ಎಳೆಯುತ್ತಿದ್ದ. ಕಾರ್ಯಕ್ರಮಕ್ಕೆ ಇನ್ನೂ ನಾಲ್ಕು ದಿನ ಇತ್ತು.

“ಏನಿಲ್ಲ,” ಎಂದಳು.

ಬುಧವಾರ ಅವಳು ಸರ್ವಮಂಗಳಾ ಮಿಸ್ ಹತ್ತಿರ ಹೋದಳು. “ಮಿಸ್, ನಮ್ಮಪ್ಪ ಯಾವ ರೈಟರ್ ಅಂತ ನಿಮಗೆ ಗೊತ್ತಲ್ಲ?”

ಮಿಸ್ ವರಾಂಡದ ಎರಡೂ ಕಡೆ ನೋಡಿದರು. “ಗೊತ್ತು. ನಮ್ಮ ಚಿಕ್ಕಪ್ಪನೂ ರೈಟರೇ.”

“ಹಾಗಾದ್ರೆ ಮೇಡಂಗೆ ಹೇಳಿ ಮಿಸ್. ಪ್ಲೀಸ್.”

“ನಾನು ಹೇಳಿದ್ರೆ ‘ಇಷ್ಟು ದಿನ ಯಾಕೆ ಹೇಳ್ಲಿಲ್ಲ’ ಅಂತಾರೆ ಪುಟ್ಟಾ. ಮೊದಲ ದಿನವೇ ಹೇಳ್ಬೇಕಿತ್ತು. ಈಗ ಬಹಳ ದಿನ ಆಗ್ಹೋಯ್ತು.” ಅವರು ಸೀಮೆಸುಣ್ಣದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು. “ನೀನೇ ಹೇಳು. ನೀನು ಹೇಳಿದ್ರೆ ಬೈಯಲ್ಲ.”

ಗುರುವಾರ ಅವಳು ಪ್ರಿನ್ಸಿಪಾಲ್ ರೂಮಿಗೆ ಹೋದಳು. ಮೇಡಂ ಫೋನಿನಲ್ಲಿ ಬ್ಯಾನರಿನ ಅಳತೆ ಹೇಳುತ್ತಿದ್ದರು.

“ಮ್ಯಾಮ್, ನಮ್ಮಪ್ಪ ಎಸ್ಟೇಟ್ ರೈಟರ್.”

“ಎಸ್ಟೇಟಿನಲ್ಲಿ ಕೂತು ಬರೀತಾರೆ! ಬೆಟ್ಟ, ಮಂಜು, ಮೌನ…” ಮೇಡಂ ಫೋನಿಗೆ ಕೈ ಅಡ್ಡ ಹಿಡಿದರು. “ನಾನೂ ಹಾಗೇ ಅಂದ್ಕೊಂಡಿದ್ದೆ.”

“ಅಲ್ಲ ಮ್ಯಾಮ್, ಹೆಸರು ಬರೀತಾರೆ.”

“ಪಾತ್ರಗಳ ಹೆಸರು ತುಂಬ ಮುಖ್ಯ ಕಣಮ್ಮಾ. ಎಷ್ಟು ಪಾತ್ರ ಇರುತ್ತೆ?”

“ಈಗ ಎಂಬತ್ತಾರು, ಮ್ಯಾಮ್.”

“ಎಂಬತ್ತಾರು ಪಾತ್ರ! ಮಹಾಕಾವ್ಯ!” ಮೇಡಂ ಫೋನಿಗೆ ತಿರುಗಿದರು. “ಹಲೋ, ಬ್ಯಾನರ್ ಇನ್ನೂ ಎರಡಡಿ ದೊಡ್ಡದು ಮಾಡಿ.”

*

ಶನಿವಾರ ಅಪ್ಪ ಬೈಕಿನಲ್ಲಿ ಬಂದ. ಬಿಳೀ ಶರ್ಟಿನ ಮೇಲೆ ಒಂದು ಸುಕ್ಕೂ ಇರಲಿಲ್ಲ. ಕೈಯಲ್ಲಿ ಹಾಜರಿ ಪುಸ್ತಕವಿತ್ತು. ಮಕ್ಕಳಿಗೆ ತೋರಿಸೋಣ ಎಂದು ಓನರನ್ನು ಕೇಳಿ ತಂದಿದ್ದ.

ಸಭಾಂಗಣದ ಬಾಗಿಲಲ್ಲಿ ಅಪ್ಪ ನಿಂತುಬಿಟ್ಟ.

ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಬ್ಯಾನರ್. ಅದರಲ್ಲಿ ಅಪ್ಪನ ಪಾಸ್‌ಪೋರ್ಟ್ ಫೋಟೊ, ಪಕ್ಕದಲ್ಲಿ ಒಂದು ನವಿಲುಗರಿಯ ಪೆನ್ನು. ಕೆಳಗೆ, ‘ಖ್ಯಾತ ಸಾಹಿತಿ ಶ್ರೀ ದೇವೇಂದ್ರ ಅವರೊಂದಿಗೆ ಸಂವಾದ’.

ಅಪ್ಪ ಬ್ಯಾನರ್ ನೋಡಿದ. ಆಮೇಲೆ ಮುಂದಿನ ಸಾಲಿನಲ್ಲಿ ಕೂತ ದೀಪಶ್ರೀಯನ್ನು ನೋಡಿದ. ದೀಪಶ್ರೀ ತಲೆ ತಗ್ಗಿಸಿದಳು. ತನ್ನ ಬೂಟಿನ ಲೇಸು ಬಿಟ್ಟರೆ ಲೋಕದಲ್ಲಿ ಬೇರೇನೂ ಅವಳಿಗೆ ಕಾಣಲಿಲ್ಲ.

ಸಭೆಯಲ್ಲಿದ್ದ ಅಪ್ಪ ಅಮ್ಮಂದಿರಿಗೆಲ್ಲ ದೇವೇಂದ್ರ ಯಾರೆಂದು ಗೊತ್ತಿತ್ತು. ಅರ್ಧ ಜನ ಅವನ ಬೈಕಿನಲ್ಲಿ ಲಿಫ್ಟ್ ತೆಗೆದುಕೊಂಡವರು. ಆದರೂ ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಮುಂದೆ ಕೂತ ಮ್ಯಾನೇಜ್‌ಮೆಂಟಿನ ಹಿರಿಯರೂ ತಟ್ಟಿದರು. ಅಪ್ಪನಿಗೆ ಶಾಲು ಹೊದಿಸಿದರು. ಮೈಕ್ ಕೊಟ್ಟರು.

“ನಮಸ್ಕಾರ,” ಎಂದ ಅಪ್ಪ. ಮೈಕ್ ಕೀ ಎಂದಿತು. “ಮೇಲಿನ ಬ್ಯಾನರಲ್ಲಿ ಒಂದು ಪದ ತಪ್ಪಾಗಿದೆ. ನಾನು ಸಾಹಿತಿ ಅಲ್ಲ. ಎಸ್ಟೇಟ್ ರೈಟರ್. ನಿಮಗೆಲ್ಲ ಗೊತ್ತೇ ಇದೆ. ಮೇಡಂ ಊರಿಗೆ ಹೊಸಬ್ರು. ತಪ್ಪು ಅವ್ರದ್ದೂ ಅಲ್ಲ, ನನ್ನ ಮಗಳದ್ದೂ ಅಲ್ಲ. ಎರಡು ಕೆಲ್ಸಕ್ಕೆ ಒಂದೇ ಹೆಸರು ಇಟ್ಟವ್ರದ್ದು.”

ಯಾರೂ ನಗಲಿಲ್ಲ. ಅಪ್ಪ ಶಾಲು ಸರಿಮಾಡಿಕೊಂಡ.

“ಕರೆದಿದೀರಿ, ಹಾಗಾಗಿ ನನ್ನ ಕೆಲ್ಸದ ಬಗ್ಗೆ ಎರಡು ಮಾತು ಹೇಳ್ತೀನಿ.” ಅಪ್ಪ ಪುಸ್ತಕ ತೆರೆದ. “ಇದರಲ್ಲಿ ಎಂಬತ್ತಾರು ಹೆಸರಿದೆ. ಬೆಳಿಗ್ಗೆ ಒಂದೊಂದನ್ನೂ ಕರೀತೀನಿ. ಹೆಸರು ಕರೆದಾಗ ಮುಖ ನೋಡ್ಬೇಕು. ಮುಖ ನೋಡಿದ್ರೆ ಯಾರಿಗೆ ಹುಷಾರಿಲ್ಲ ಅಂತ ಗೊತ್ತಾಗತ್ತೆ. ಅವ್ರನ್ನ ಗುಡ್ಡದ ಮೇಲಿನ ತೋಟಕ್ಕೆ ಕಳ್ಸಲ್ಲ. ಬರೆಯೋದ್ರಲ್ಲಿ ತಪ್ಪಾಗೋದೂ ಉಂಟು. ಒಬ್ರು ಬಂದಿರ್ತಾರೆ, ನಾನು ಇನ್ನೊಬ್ರ ಹೆಸರಿಗೆ ಗುರುತು ಹಾಕಿರ್ತೀನಿ. ಆಗ ಅಳಿಸೋ ಹಾಗಿಲ್ಲ, ಮೇಲೆ ತಿದ್ದೋ ಹಾಗೂ ಇಲ್ಲ. ಒಂದು ಗೀಟು ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ಸಹಿ ಹಾಕ್ಬೇಕು. ಎಲ್ರಿಗೂ ಕಾಣೋ ಹಾಗೆ. ಸಹಿ ಹಾಕೋವಾಗ ಸ್ವಲ್ಪ ನಾಚಿಕೆ ಆಗತ್ತೆ. ಆದ್ರೆ ಕೆಲ್ಸ ಮಾಡಿದವ್ರ ದಿನ ಅವ್ರಿಗೇ ಸೇರ್ಬೇಕಲ್ಲ. ಅಷ್ಟೆ ನನ್ನ ಕೆಲ್ಸ.”

ತನುಜಾ ಮೇಡಂ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದರು. ಅವರ ಮುಖ ಕೆಂಪಾಗಿತ್ತು. “ಎಂಥ ವಿನಯ!” ಎಂದರು ಮೈಕಿನಲ್ಲಿ. “ದೊಡ್ಡ ಸಾಹಿತಿಗಳು ಹೀಗೇ. ತಮ್ಮನ್ನು ಸಾಹಿತಿ ಅಂತಲೇ ಹೇಳಿಕೊಳ್ಳುವುದಿಲ್ಲ! ಮಕ್ಕಳೇ, ಯಾರಾದರೂ ಪ್ರಶ್ನೆ ಕೇಳ್ತೀರಾ?”

ದೀಪಶ್ರೀ ಎದ್ದು ನಿಂತಳು.

“ಪ್ರಶ್ನೆ ಅಲ್ಲ ಮ್ಯಾಮ್. ನನ್ನ ಪ್ರಬಂಧದಲ್ಲಿ ನಕ್ಷತ್ರ ಸಿಕ್ಕಿದ ವಾಕ್ಯ ಇದೆಯಲ್ಲ, ಮಳೆ ಮರಗಳ ಮೇಲೆ ನಡೆದು ಬಂತು ಅನ್ನೋದು. ಅದು ನಂದಲ್ಲ. ಸೌಂದರ್ಯಂದು. ಅವಳ ಪುಸ್ತಕದಲ್ಲೂ ಇದೆ. ಅಲ್ಲಿ ಕೆಂಪು ಗೆರೆ ಹಾಕಿದೆ.”

ಎಲ್ಲರೂ ತಿರುಗಿ ನೋಡಿದರು. ಕೊನೆಯ ಸಾಲಿನಲ್ಲಿ ಸೌಂದರ್ಯ ಬೆಂಚಿನ ಕೆಳಗೆ ಜಾರಲು ನೋಡುತ್ತಿದ್ದಳು.

“ಓ!” ಮೇಡಂ ಚೇತರಿಸಿಕೊಂಡರು. “ಸೌಂದರ್ಯ, ಎದ್ದೇಳಮ್ಮಾ. ನಿನ್ನ ತಂದೆ ಏನು ಮಾಡ್ತಾರೆ?”

“ಡ್ರೈವರ್, ಮ್ಯಾಮ್. ನಮ್ಮ ಸ್ಕೂಲ್ ವ್ಯಾನ್ದೇ.”

ಮೇಡಂ ಏನಾದರೂ ರಕ್ತದಲ್ಲಿ ಬಂದಿರಬಹುದೇ ಎಂದು ಹುಡುಕುವವರ ಹಾಗೆ ಅತ್ತಿತ್ತ ನೋಡಿದರು. ಸಿಗಲಿಲ್ಲ ಅಂತ ಕಾಣುತ್ತದೆ.

“ಸಮಯದ ಅಭಾವ ಇರೋದರಿಂದ,” ಎಂದರು, “ಈಗ ವಂದನಾರ್ಪಣೆ.”

*

ಅಪ್ಪ ಶಾಲನ್ನು ಮಡಚಿ ಬೈಕಿನ ಡಬ್ಬಿಯಲ್ಲಿ ಇಟ್ಟ. ಗಣ್ಯರ ಊಟಕ್ಕೆ ಮೇಡಂ ಕರೆದಿದ್ದರು. “ಎರಡು ಗಂಟೆಗೆ ಕೆಲಸದವ್ರು ಕಾಯ್ತಿರ್ತಾರೆ,” ಅಂತ ಹೇಳಿ ಹೊರಟಿದ್ದ. ಬೈಕ್ ಹತ್ತು ಅಂದರೆ ದೀಪಶ್ರೀ, ಸೌಂದರ್ಯಳ ಜೊತೆ ವ್ಯಾನಿನಲ್ಲೇ ಬರುತ್ತೇನೆ ಎಂದಿದ್ದಳು.

“ನಂಗೆ ಮೊದ್ಲೇ ಯಾಕೆ ಹೇಳ್ಲಿಲ್ಲ ಪುಟ್ಟಿ?”

“ನೀನು ಇಸ್ತ್ರಿ ಮಾಡ್ತಿದ್ದೆ,” ಎಂದಳು ದೀಪಶ್ರೀ.

ಅಪ್ಪ ಅವಳನ್ನು ನೋಡಿದ. ತನ್ನ ಶರ್ಟನ್ನೂ ಒಮ್ಮೆ ನೋಡಿಕೊಂಡ. ಆಮೇಲೆ ಅವಳ ತಲೆಯ ಮೇಲೆ ಕೈ ಇಟ್ಟು, ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ.

ವ್ಯಾನ್ ಹೊರಡಲಿಲ್ಲ. ಗಣ್ಯರ ಊಟ ಮುಗಿದು, ಅವರನ್ನೆಲ್ಲ ಪೇಟೆಗೆ ಬಿಟ್ಟು ಬಂದ ಮೇಲೆ ಮಕ್ಕಳನ್ನು ಕರೆದೊಯ್ಯಬೇಕೆಂದು ರವಿಗೆ ಹೇಳಿದ್ದರು. ಶನಿವಾರ ಅರ್ಧ ದಿನ ಅಂತ ಯಾರೂ ಬುತ್ತಿ ತಂದಿರಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಮಕ್ಕಳು ನಡೆದೇ ಹೋದರು, ಉಳಿದವರು ಅಪ್ಪ ಅಮ್ಮಂದಿರ ಜೊತೆ. ದೂರದ ಎಸ್ಟೇಟಿನ ಇಬ್ಬರು ಮಾತ್ರ ವರಾಂಡದ ಮೆಟ್ಟಿಲ ಮೇಲೆ ಕೂತರು, ಒಬ್ಬಳು ಈ ತುದಿಗೆ, ಒಬ್ಬಳು ಆ ತುದಿಗೆ.

ಸ್ವಲ್ಪ ಹೊತ್ತಿಗೆ ಸೌಂದರ್ಯ ಹೇಳಿದಳು, “ಎಲ್ರೆದುರು ಯಾಕೆ ಹೇಳಿದ್ದು? ನಂಗೆ ನಾಚಿಕೆ ಆಯ್ತು.”

“ನಂಗೂ,” ಎಂದಳು ದೀಪಶ್ರೀ.

ಸೌಂದರ್ಯ ಸ್ವಲ್ಪ ಈಚೆ ಸರಿದಳು. “ನಿಮ್ಮಪ್ಪ ಚೆನ್ನಾಗಿ ಮಾತಾಡಿದ್ರು. ನಮ್ಮಪ್ಪಂಗೆ ಮೈಕ್ ಕೊಟ್ರೆ ಹಾರ್ನ್ ಹೊಡೀತಾರೆ.”

ಇಬ್ಬರೂ ನಕ್ಕರು. ನಕ್ಕ ಮೇಲೆ ಹಸಿವು ಇನ್ನೂ ಜಾಸ್ತಿಯಾಯಿತು. ಸ್ಟಾಫ್‌ರೂಮಿನ ಕಿಟಕಿಯಿಂದ ಪಲಾವಿನ ಘಮ ಬರುತ್ತಿತ್ತು. ಒಳಗೆ ಗಣ್ಯರು ಊಟಕ್ಕೆ ಕೂತಿದ್ದರು. ಊಟದ ಎಲೆಗಳು ಗಣ್ಯರ ಲೆಕ್ಕಕ್ಕಷ್ಟೇ ಇದ್ದುದರಿಂದ ಟೀಚರುಗಳು ಕೂರದೆ ಬಡಿಸುತ್ತಿದ್ದರು. ಸರ್ವಮಂಗಳಾ ಮಿಸ್ ಸಾರಿನ ಬಕೆಟ್ ಹಿಡಿದು ಬಗ್ಗಿ ಬಗ್ಗಿ ಎಲ್ಲರಿಗೂ ಹಾಕುತ್ತಿದ್ದುದು ಕಾಣಿಸಿತು.

ಆಮೇಲೆ ಮಿಸ್ ಹೊರಗೆ ಬಂದರು. ಕೈಯಲ್ಲಿ ಬಕೆಟ್ ಇರಲಿಲ್ಲ. ಅವರದೇ ಸ್ಟೀಲಿನ ಡಬ್ಬಿ ಇತ್ತು, ಮೇಲೆ ಎಸ್ ಎಂದು ಕೊರೆದದ್ದು. ಬೆಳಿಗ್ಗೆ ಮನೆಯಿಂದ ತಂದದ್ದನ್ನು ಅವರಿನ್ನೂ ತೆರೆದಿರಲಿಲ್ಲ.

ಅವರು ಮೆಟ್ಟಿಲಿಳಿದು ಸೌಂದರ್ಯಳ ಎದುರು ನಿಂತರು. ಸೌಂದರ್ಯ ಗಾಬರಿಯಿಂದ ಎದ್ದಳು. “ಬಂದು ಕಾಣು” ಎಂದು ಬರೆದಿದ್ದರೂ ಅವಳು ಇನ್ನೂ ಹೋಗಿ ಕಂಡಿರಲಿಲ್ಲ.

ಮಿಸ್ ಪ್ರಬಂಧದ ಮಾತೇ ಎತ್ತಲಿಲ್ಲ. “ಅಕ್ಕಿರೊಟ್ಟಿ,” ಎಂದರು. “ಹುರುಳಿಕಾಯಿ ಪಲ್ಯ ಇದೆ. ಇಬ್ರೂ ತಿನ್ನಿ.”

“ನಿಮಗೆ ಮಿಸ್?”

“ನಂಗೆ ಹಸಿವಿಲ್ಲ.”

ಮಿಸ್ ಕೆನ್ನೆಯ ಮೇಲೆ ಸಾರಿನ ಒಂದು ಹನಿ ಒಣಗಿತ್ತು. ಅವರು ಹೇಳಿದ್ದು ನಿಜವಲ್ಲ ಎಂದು ದೀಪಶ್ರೀಗೆ ತಿಳಿಯಿತು. ತಿದ್ದಬೇಕು ಎಂದು ಅವಳಿಗೆ ಅನ್ನಿಸಲಿಲ್ಲ.

ಸೌಂದರ್ಯ ಎರಡೂ ಕೈ ಚಾಚಿದಳು. ಮಿಸ್ ಡಬ್ಬಿಯನ್ನು ಅವಳ ಕೈಗಳ ಮೇಲೆ ಮೆಲ್ಲಗೆ ಇಟ್ಟರು.